ಹಳೆಯ ಹೀಬ್ರೂ ಪುಸ್ತಕಗಳು ಮತ್ತು ಅವುಗಳ ಹಿಂದಿನ ಚರಿತ್ರೆ

ಬಹುತೇಕ ಭಾನುವಾರಗಳ ಬಲಿಪೂಜೆಯಲ್ಲಿ ಮೊದಲ ವಾಚನ ಹಳೆಯ ಒಡಂಬಡಿಕೆಯಿಂದ ಬರುತ್ತದೆ. ಆ ಗ್ರಂಥಗಳನ್ನು ಹೀಬ್ರೂ ಮೂಲದಲ್ಲಿ ಅಕ್ಷರ ತಪ್ಪದಂತೆ ನಕಲು ಮಾಡಿ, ಮುಂದೆ ಅಚ್ಚು ಹಾಕಿಸಿ ಉಳಿಸಿಕೊಂಡು ಬಂದವರು ಯೆಹೂದ್ಯರು. ಅವರ ಹಳೆಯ ಪುಸ್ತಕಗಳನ್ನು ಹುಡುಕಿ ಸಂಗ್ರಹಿಸುವುದು ಯುರೋಪ್, ಅಮೆರಿಕ ಮತ್ತು ಇಸ್ರೇಲ್‌ಗಳಲ್ಲಿ ಒಂದು ಪ್ರತ್ಯೇಕ ವಿದ್ಯೆಯಾಗಿಯೇ ಬೆಳೆದಿದೆ. ಬೈಬಲ್ ತರಗತಿ ನಡೆಸುವವರಿಗೂ ಆಸಕ್ತ ಓದುಗರಿಗೂ ಉಪಯೋಗವಾಗಲೆಂದು ಇದರ ಪರಿಚಯವನ್ನು ಇಲ್ಲಿ ಕೊಡುತ್ತಿದ್ದೇವೆ. ಈ ಚರಿತ್ರೆಯಲ್ಲಿ ನಮ್ಮ ಧರ್ಮಸಭೆಯ ಪಾಲೂ ಇದೆ. ಅದು ಎರಡು ಬಗೆಯದು, ಎರಡನ್ನೂ ಹೇಳಬೇಕಾಗುತ್ತದೆ.

ಇವು ಏಕೆ ಅಪರೂಪ?

ಮೊದಲ ಕಾರಣ ಭಕ್ತಿ. ದೇವರ ನಾಮ ಬರೆದ ಹಾಳೆ ಎಷ್ಟೇ ಹರಿದಿದ್ದರೂ ಯೆಹೂದ್ಯರು ಅದನ್ನು ಎಸೆಯುವುದಿಲ್ಲ. 'ಗೆನಿಜಾ' ಎಂಬ ಕೋಣೆಯಲ್ಲಿಟ್ಟು, ಸಮಯ ಬಂದಾಗ ಮಣ್ಣಿನಲ್ಲಿ ಹೂಳುವುದು ವಾಡಿಕೆ. ಕೈರೋ ನಗರದ ಬೆನ್ ಎಜ್ರಾ ಪ್ರಾರ್ಥನಾಮಂದಿರದಲ್ಲಿ ಹೂಳದೆ ಉಳಿದುಹೋಗಿದ್ದ ಇಂಥ ರಾಶಿಯನ್ನು ವಿದ್ವಾಂಸ ಸಾಲಮನ್ ಶೆಕ್ಟರ್ 1896-97ರಲ್ಲಿ ಕೇಂಬ್ರಿಡ್ಜ್‌ಗೆ ಕೊಂಡೊಯ್ದರು. ಅಲ್ಲಿ ಈಗ ಸುಮಾರು 1,93,000 ತುಣುಕುಗಳಿವೆ. ಎರಡನೇ ಕಾರಣ ಬೆಂಕಿ. ಅದನ್ನು ಮುಂದೆ ನೋಡೋಣ.

ಧರ್ಮಗುರುವಿನ ಸಂಗ್ರಹ

ಹೀಬ್ರೂ ಪುಸ್ತಕಗಳ ಮಹಾನ್ ಸಂಗ್ರಹಕಾರರಲ್ಲಿ ಒಬ್ಬರು ಕಥೋಲಿಕ ಧರ್ಮಗುರು ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದ ಸಂಗತಿ. ಇಟಲಿಯ ವಂದನೀಯ ಜೊವಾನ್ನಿ ಬೆರ್ನಾರ್ದೊ ದೆ ರೊಸ್ಸಿ (1742-1831) ಪಾರ್ಮಾ ವಿಶ್ವವಿದ್ಯಾನಿಲಯದಲ್ಲಿ ಪೌರಸ್ತ್ಯ ಭಾಷೆಗಳ ಪ್ರಾಧ್ಯಾಪಕರಾಗಿದ್ದರು. ಬೈಬಲ್ಲಿನ ಹೀಬ್ರೂ ಪಾಠಾಂತರಗಳನ್ನು ಒಂದಕ್ಕೊಂದು ಹೋಲಿಸಿ ನೋಡಲು ಹಸ್ತಪ್ರತಿಗಳನ್ನು ಹುಡುಕಲಾರಂಭಿಸಿದ ಅವರು ಕಡೆಗೆ 1,400ಕ್ಕೂ ಹೆಚ್ಚು ಹೀಬ್ರೂ ಹಸ್ತಪ್ರತಿಗಳನ್ನು ಕೂಡಿಹಾಕಿದರು. 1816ರಲ್ಲಿ ಪಾರ್ಮಾದ ಡಚೆಸ್ ಮರಿಯ ಲೂಯಿಸಾ ಆ ಸಂಗ್ರಹವನ್ನು ಕೊಂಡರು. ಇಂದಿಗೂ ಅದು ಅಲ್ಲಿನ ಪಲತೀನಾ ಗ್ರಂಥಾಲಯದಲ್ಲಿದೆ. ದಿನಾಂಕ ಸಹಿತ ಅಚ್ಚಾದ ಹೀಬ್ರೂ ಪುಸ್ತಕಗಳಲ್ಲಿ ಅತ್ಯಂತ ಹಳೆಯದು, ಅಂದರೆ ಮೋಶೆಯ ಪಂಚಗ್ರಂಥಗಳಿಗೆ ರಾಶಿ ಎಂಬ ಪಂಡಿತರು ಬರೆದ ಭಾಷ್ಯದ 1475ರ ಮುದ್ರಣ. ಅದರ ಒಂದೇ ಒಂದು ಪ್ರತಿ ಉಳಿದಿದ್ದು, ಅದಿರುವುದೂ ಪಾರ್ಮಾದಲ್ಲಿಯೇ.

ಅನುಮತಿ ಮತ್ತು ಬೆಂಕಿ

ಹೀಬ್ರೂ ಮುದ್ರಣದಲ್ಲಿ ಬಹು ದೊಡ್ಡ ಹೆಸರು ದಾನಿಯೆಲ್ ಬೊಂಬೆರ್ಗ್. ಆಂಟ್‌ವೆರ್ಪ್‌ನಿಂದ ವೆನಿಸ್‌ಗೆ ಬಂದು ನೆಲೆಸಿದ ಈತ ಯೆಹೂದ್ಯನಲ್ಲ, ಕ್ರೈಸ್ತ. ಪೋಪ್ ಹತ್ತನೇ ಲಿಯೋ ಅವರ ಅನುಮತಿಯಿಂದ ಬಾಬೆಲ್ ತಾಲ್ಮುದ್ ಗ್ರಂಥವನ್ನು ಮೊದಲ ಬಾರಿಗೆ ಸಂಪೂರ್ಣವಾಗಿ ಅಚ್ಚು ಹಾಕಿಸಿದ್ದು ಈತನೇ. 1523ರ ಹೊತ್ತಿಗೆ ಆ ಕೆಲಸ ಮುಗಿಯಿತು. ಮೂಲಪಾಠ ನಡುವೆ, ಭಾಷ್ಯಗಳು ಇಕ್ಕೆಲಗಳಲ್ಲಿ. ಆತ ಹಾಕಿಕೊಟ್ಟ ಹಾಳೆ ಸಂಖ್ಯೆಯನ್ನೇ ಯೆಹೂದಿ ವಿದ್ಯಾರ್ಥಿಗಳು ಇಂದಿಗೂ ಅನುಸರಿಸುತ್ತಾರೆ.

ಮೂವತ್ತು ವರ್ಷ ಕಳೆದಿತ್ತು ಅಷ್ಟೇ. ಪೋಪ್ ಮೂರನೇ ಜೂಲಿಯಸ್ ಅವರ ಕಾಲದಲ್ಲಿ, ಇನ್‌ಕ್ವಿಸಿಶನ್ ನ್ಯಾಯಮಂಡಳಿಯ ಆಜ್ಞೆಯಂತೆ, 1553ರ ಸೆಪ್ಟೆಂಬರ್ 9ರಂದು ರೋಮಿನ ಕಾಂಪೊ ದೇ ಫಿಯೋರಿ ಚೌಕದಲ್ಲಿ ತಾಲ್ಮುದ್ ಪ್ರತಿಗಳನ್ನು ರಾಶಿ ಹಾಕಿ ಸುಡಲಾಯಿತು. ಅಂದು ಯೆಹೂದ್ಯರ ಹೊಸವರ್ಷದ ಹಬ್ಬ. ಮುಂದಿನ ತಿಂಗಳು, ಅದೇ ಗ್ರಂಥ ಅಚ್ಚಾಗಿದ್ದ ವೆನಿಸ್‌ನಲ್ಲಿಯೂ ಬೆಂಕಿ ಹಚ್ಚಲಾಯಿತು. ಇದು ನಮ್ಮವರಿಂದಲೇ ಆದದ್ದು. ಮೃದು ಮಾತಿನಲ್ಲಿ ಮರೆಮಾಚುವಂಥದ್ದಲ್ಲ.

ಹೀಗಾಗಿ ಬೊಂಬೆರ್ಗ್ ತಾಲ್ಮುದ್‌ನ ಪೂರ್ಣ ಪ್ರತಿಗಳು ಬೆರಳೆಣಿಕೆಯಷ್ಟೇ ಉಳಿದಿವೆ. ಅವುಗಳಲ್ಲೊಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಗ್ರಂಥಾಲಯದಲ್ಲಿ ಹೆಚ್ಚೇನೂ ಕೈ ಸೋಕದೆ ಉಳಿದುಕೊಂಡಿತ್ತು. 1956ರ ಪ್ರದರ್ಶನವೊಂದರಲ್ಲಿ ಅದನ್ನು ಕಂಡ ಲಂಡನ್ನಿನ ಯೆಹೂದಿ ವ್ಯಾಪಾರಿ ಜ್ಯಾಕ್ ಲುಂಜರ್ ಬೆನ್ನು ಬಿಡಲಿಲ್ಲ. ಹಣಕ್ಕೆ ಅಬ್ಬೆ ಅದನ್ನು ಕೊಡಲಿಲ್ಲ. ಕೊನೆಗೆ ಆ ಅಬ್ಬೆಗೇ ಸಂಬಂಧಿಸಿದ ಪುರಾತನ ಸನ್ನದಿನ ಪ್ರತಿಯೊಂದನ್ನು ಅವರು ಕೊಂಡು ತಂದು ಕೊಟ್ಟಾಗ ವಿನಿಮಯ ಕುದುರಿತು. 2015ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಆ ಪ್ರತಿ 93 ಲಕ್ಷ ಡಾಲರಿಗೆ ಹೋಯಿತು.

ಅಂಚಿನ ಬರಹ

ಬೆಂಕಿಯ ಬಳಿಕ ಬಂದದ್ದು ಮಸಿ. ಉಳಿದ ಹೀಬ್ರೂ ಪುಸ್ತಕಗಳನ್ನು ಪರಿಶೋಧಕರಿಗೆ ಒಪ್ಪಿಸಬೇಕಾಗಿತ್ತು. ಕ್ರೈಸ್ತ ವಿಶ್ವಾಸಕ್ಕೆ ವಿರುದ್ಧವೆಂದು ಕಂಡ ಸಾಲುಗಳನ್ನು ಅವರು ಹೊಡೆದುಹಾಕಿ ಕೊನೆಯ ಪುಟದಲ್ಲಿ ಸಹಿ ಮಾಡುತ್ತಿದ್ದರು. ಈ ಪರಿಶೋಧಕರಲ್ಲಿ ಹಲವರು ಯೆಹೂದಿ ಧರ್ಮದಿಂದ ಮತಾಂತರವಾದವರು. ಮಾಂತುವಾದಲ್ಲಿ ಕೆಲಸ ಮಾಡಿದ ದೊಮೆನಿಕೊ ಇರೊಸೊಲಿಮಿತಾನೊ ಅಂಥವರಲ್ಲಿ ಪ್ರಸಿದ್ಧ. ವಿಚಿತ್ರವೆಂದರೆ, ಅವರು ಬಳಸಿದ ಮಸಿ ಕಾಲಕ್ರಮೇಣ ಮಾಸಿದೆ, ಅಡಿಯ ಅಚ್ಚಿನ ಅಕ್ಷರಗಳು ಮಾಸಿಲ್ಲ. ಹೊಡೆದುಹಾಕಿದ ಮಾತನ್ನು ಅನೇಕ ಪ್ರತಿಗಳಲ್ಲಿ ಈಗ ಸಲೀಸಾಗಿ ಓದಬಹುದು.

ಪರಿಶೋಧಕನ ಸಹಿಯೇ ಪುಸ್ತಕದ ಪ್ರಾಣ ಉಳಿಸಿದ್ದೂ ಉಂಟು. ಪಾಸ್ಕ ಹಬ್ಬದ ರಾತ್ರಿ ಮನೆಯಲ್ಲಿ ಓದುವ 'ಹಗ್ಗಾದಾ' ಪುಸ್ತಕದ ಸಚಿತ್ರ ಪ್ರತಿಯೊಂದು 14ನೇ ಶತಮಾನದಲ್ಲಿ ಸ್ಪೇನಿನಲ್ಲಿ ಸಿದ್ಧವಾಗಿತ್ತು. ಅದು ಇಟಲಿಗೆ ಬಂದಾಗ, 1609ರಲ್ಲಿ ಜೊವಾನ್ನಿ ದೊಮೆನಿಕೊ ವಿಸ್ತೊರೀನಿ ಎಂಬ ಪರಿಶೋಧಕ ಆಕ್ಷೇಪವಿಲ್ಲದೆ ಸಹಿ ಹಾಕಿದ. 1894ರಲ್ಲಿ ಅದು ಸರಾಯೆವೊ ಮ್ಯೂಸಿಯಮ್ಮಿಗೆ ಸೇರಿತು. ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಕೈಗೆ ಸಿಗದಂತೆ ಅದನ್ನು ಬಚ್ಚಿಟ್ಟವರು ಅಲ್ಲಿನ ಮುಸ್ಲಿಂ ಗ್ರಂಥಪಾಲಕ ದೆರ್ವಿಶ್ ಕೊರ್ಕುತ್.

ಅನುಭವಿ ಸಂಗ್ರಹಕಾರರು ಪುಸ್ತಕ ಕೈಗೆ ಬಂದೊಡನೆ ನೋಡುವುದು ಇಂಥ ಅಂಚುಗಳನ್ನೇ. ರಕ್ಷಾಪುಟದಲ್ಲಿ ಮನೆಯ ಹುಟ್ಟು ಸಾವುಗಳನ್ನು ಬರೆದಿಟ್ಟಿರುತ್ತಾರೆ. ವರ್ಷವನ್ನು ಹೀಬ್ರೂ ಅಕ್ಷರಗಳಲ್ಲೇ ಸೂಚಿಸಿರುತ್ತಾರೆ. ಯೆಹೂದಿ ವರ್ಷದಿಂದ 3760 ಕಳೆದರೆ ಹೆಚ್ಚುಕಡಿಮೆ ನಮ್ಮ ಇಸವಿ ಸಿಗುತ್ತದೆ. ಶೀರ್ಷಿಕೆ ಪುಟವನ್ನು ಮಾತ್ರ ಪೂರ್ತಿ ನಂಬುವಂತಿಲ್ಲ. ಆಮ್‌ಸ್ಟರ್‌ಡ್ಯಾಮ್ ಮುದ್ರಣಕ್ಕೆ ಒಳ್ಳೆಯ ಹೆಸರಿದ್ದ ಕಾಲದಲ್ಲಿ ಬೇರೆ ಊರಿನವರು 'ಆಮ್‌ಸ್ಟರ್‌ಡ್ಯಾಮ್' ಎಂದು ದಪ್ಪಗೆ ಅಚ್ಚು ಹಾಕಿ, 'ಅಲ್ಲಿನ ಅಕ್ಷರಮಾದರಿ'ಯೆಂದೂ ತಮ್ಮ ಊರಿನ ಹೆಸರನ್ನೂ ಸಣ್ಣಗೆ ಸೇರಿಸುತ್ತಿದ್ದರು. ವ್ಯಾಪಾರದ ಜಾಣ್ಮೆ ಎಲ್ಲ ಕಾಲಕ್ಕೂ ಒಂದೇ!

ಮುಂಬಯಿಯ ನಂಟು

ದುಡಿಮೆಗಾಗಿ ಮುಂಬಯಿಗೆ ಹೋದ ನಮ್ಮ ಕರಾವಳಿಯ ಜನರಿಗೆ ಸಸೂನ್ ಡಾಕ್ ಗೊತ್ತು. ಬಗ್ದಾದಿನಿಂದ ಬಂದ ಆ ಯೆಹೂದಿ ಮನೆತನದ ಡೇವಿಡ್ ಸಾಲಮನ್ ಸಸೂನ್ 1880ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ನೆಲೆಸಿ, ಸಾವಿರಕ್ಕೂ ಮೀರಿ ಹಸ್ತಪ್ರತಿಗಳನ್ನು ಸಂಗ್ರಹಿಸಿದರು. 1929ರಲ್ಲಿ ಅವರು ಕೊಂಡ ಹೀಬ್ರೂ ಬೈಬಲ್ ಸುಮಾರು 1,100 ವರ್ಷ ಹಳೆಯದು. ಸಿರಿಯಾದ ಮಾಕಿಸಿನ್ ಎಂಬ ಊರಿನ ಪ್ರಾರ್ಥನಾಮಂದಿರಕ್ಕೆ ಅದನ್ನು ಅರ್ಪಿಸಲಾಗಿತ್ತೆಂದು ಅದರಲ್ಲೇ ಬರೆದಿದೆ. ಊರು ನಾಶವಾದಾಗ, ಮಂದಿರವನ್ನು ಮತ್ತೆ ಕಟ್ಟಿದರೆ ಹಿಂದಿರುಗಿಸಬೇಕೆಂಬ ಷರತ್ತಿನೊಡನೆ ಒಬ್ಬರ ವಶಕ್ಕೆ ಕೊಟ್ಟರು. ಮಂದಿರ ಮತ್ತೆ ಏಳಲಿಲ್ಲ. 2023ರ ಮೇ ತಿಂಗಳಲ್ಲಿ 3 ಕೋಟಿ 81 ಲಕ್ಷ ಡಾಲರಿಗೆ ಹರಾಜಾದ ಆ ಗ್ರಂಥ ಟೆಲ್ ಅವೀವ್‌ನ ಮ್ಯೂಸಿಯಮ್ಮಿಗೆ ಸಂದಿತು.

ಯಾರ ಪುಸ್ತಕ?

ಇಂದು ಹಳೆಯ ಹೀಬ್ರೂ ಪುಸ್ತಕ ಕೊಳ್ಳುವವರು ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ನಾಜಿಗಳು ಯುರೋಪಿನಾದ್ಯಂತ ಯೆಹೂದ್ಯರ ಮನೆ, ಶಾಲೆ, ಮಂದಿರಗಳಿಂದ ಲಕ್ಷಗಟ್ಟಲೆ ಪುಸ್ತಕಗಳನ್ನು ದೋಚಿದ್ದರು. ಯುದ್ಧ ಮುಗಿದ ಮೇಲೆ, 1946ರಿಂದ ಜರ್ಮನಿಯ ಒಫೆನ್‌ಬಾಖ್‌ನಲ್ಲಿ ಅಮೆರಿಕ ಸೇನೆಯವರು ಇವನ್ನು ಒಟ್ಟುಮಾಡಿ, ಮೊಹರುಗಳನ್ನೂ ಮಾಲೀಕರ ಚೀಟಿಗಳನ್ನೂ ನೋಡಿ ಮರಳಿಸುವ ಕೆಲಸ ಮಾಡಿದರು. ಕೇಳಲು ಯಾರೂ ಬದುಕುಳಿಯದಿದ್ದ ಪುಸ್ತಕಗಳನ್ನು ಯೆಹೂದಿ ಸಂಸ್ಥೆಯೊಂದು ಬೇರೆ ಬೇರೆ ದೇಶಗಳ ಗ್ರಂಥಾಲಯಗಳಿಗೆ ಹಂಚಿತು.

ರೋಮಿನ ಕಥೆ ಇನ್ನೂ ಮುಗಿದಿಲ್ಲ. 1943ರ ಅಕ್ಟೋಬರ್ 16ರಂದು ನಾಜಿಗಳು ಅಲ್ಲಿನ ಯೆಹೂದ್ಯರನ್ನು ಹಿಡಿದು, ಸಾವಿರಕ್ಕೂ ಹೆಚ್ಚು ಜನರನ್ನು ಆಶ್ವಿಟ್ಸ್ ಶಿಬಿರಕ್ಕೆ ಸಾಗಿಸಿದರು. ಅದಕ್ಕೆ ಎರಡು ದಿನ ಮೊದಲೇ ಅವರ ಪುಸ್ತಕಗಳನ್ನು ರೈಲಿಗೆ ಹೇರಲು ಆರಂಭಿಸಿದ್ದರು. ರಬ್ಬಿಗಳ ಕಾಲೇಜಿನ ಪುಸ್ತಕಗಳು ಯುದ್ಧಾನಂತರ ಸಿಕ್ಕವು. ಸಮುದಾಯದ ಗ್ರಂಥಾಲಯದ ಸುಮಾರು 7,000 ಸಂಪುಟಗಳು, ಹೀಬ್ರೂ ಮುದ್ರಣದ ಆರಂಭಕಾಲದವೂ ಸೇರಿ, ಸಿಗಲಿಲ್ಲ. ಇಟಲಿ ಸರಕಾರ 2002ರಲ್ಲಿ ನೇಮಿಸಿದ ಆಯೋಗ 2009ರ ತನಕ ಹುಡುಕಿಯೂ ಫಲವಾಗಲಿಲ್ಲ. ಅಲ್ಲಿ ಏನೇನಿತ್ತೆಂದು ತಿಳಿಯಲು ಈಗಿರುವ ಮುಖ್ಯ ಆಧಾರಗಳಲ್ಲಿ ಒಂದು, ವಿದ್ವಾಂಸ ಇಸಾಯಾ ಸೊನ್ನೆ 1934ರಲ್ಲಿ ಮಾಡಿದ್ದ ಅಪೂರ್ಣ ಪಟ್ಟಿ.