ಮಾಗಡಿ ಸೀಮೆಯ ಜನಪ್ರಿಯ ಸಂಸ್ಕೃತಿ: ತಲೆಮಾರುಗಳ ಚರಿತ್ರೆ

ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಸೀಮೆಯ ಜನ ಕಟ್ಟಿದ ಕಥೆ, ಆಡಿದ ನಾಟಕ, ನೋಡಿದ ಸಿನಿಮಾಗಳ ಚರಿತ್ರೆ ಇದು. 2007ರಲ್ಲಿ ಈ ನಾಲ್ಕು ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾದವು. ಸಾವನದುರ್ಗ, ರಾಮದೇವರ ಬೆಟ್ಟದಂಥ ಹೆಬ್ಬಂಡೆಗಳ ಈ ನೆಲದಲ್ಲಿ ಒಂದೊಂದು ತಲೆಮಾರೂ ತನಗೆ ಬೇಕಾದುದನ್ನೇ ಕಂಡುಕೊಂಡಿದೆ.

ಕೆಂಪೇಗೌಡನ ಕಥೆಯಲ್ಲಿ ಇದು ಎದ್ದು ಕಾಣುತ್ತದೆ. ಯಲಹಂಕದ ಹಿರಿಯ ಕೆಂಪೇಗೌಡ 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿಸಿದ. 1638ರಲ್ಲಿ ಬೆಂಗಳೂರು ಬಿಜಾಪುರದ ವಶವಾದ ಮೇಲೆ ಅವನ ವಂಶಸ್ಥರು ಮಾಗಡಿಯಿಂದ ಆಳಿದರು. 1728ರಲ್ಲಿ ಆ ಸಂಸ್ಥಾನ ಮೈಸೂರಿನ ಪಾಲಾಯಿತು. ಅರಸೊತ್ತಿಗೆ ಹೋದರೂ ಕಥೆ ಜನರ ಬಾಯಲ್ಲಿ ಉಳಿಯಿತು. ಕಟ್ಟಿದ ಕೋಟೆ ಬಾಗಿಲು ನಿಲ್ಲದೆ ಬೀಳುತ್ತಿದ್ದಾಗ ತುಂಬು ಬಸುರಿ ಸೊಸೆ ಲಕ್ಷ್ಮೀದೇವಿ ಪ್ರಾಣ ಕೊಟ್ಟಳೆಂಬ ಐತಿಹ್ಯವೇ ಆ ಕಥೆಯ ಕರುಳು. ಮನೆತನದ ಮಾನಕ್ಕೆ ಹೆಣ್ಣು ತೆರುವ ಬೆಲೆಯನ್ನು ಕಂಡುಂಡ ಸಮಾಜ ನೆನಪಿಟ್ಟುಕೊಂಡದ್ದು ಅವಳನ್ನು. ಈಗಿನವರ ಕೆಂಪೇಗೌಡ ಕೆರೆ ತೋಡಿಸಿದ, ಪೇಟೆ ಬೆಳೆಸಿದ ನಗರ ನಿರ್ಮಾಪಕ. 2013ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಅವನ ಹೆಸರು ಬಂತು. 2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಅವನ ಸಮಾಧಿಯನ್ನು ಗುರುತಿಸಲಾಯಿತು. 2022ರಲ್ಲಿ ವಿಮಾನ ನಿಲ್ದಾಣದ ಬಳಿ 108 ಅಡಿ ಎತ್ತರದ ಕಂಚಿನ ಪ್ರತಿಮೆ ಎದ್ದಿತು.

ಸಿನಿಮಾದ ಕಾಲಕ್ಕೆ ಬಂದರೆ, 1972ರ 'ಬಂಗಾರದ ಮನುಷ್ಯ' ಹಳೇ ಮೈಸೂರಿನ ಹಳ್ಳಿಗಳ ಯುವಕರಿಗೆ ಮಣ್ಣಿನ ಮೇಲೆ ಭರವಸೆ ಹುಟ್ಟಿಸಿತು. ಸಿದ್ಧಲಿಂಗಯ್ಯ ನಿರ್ದೇಶನದ ಆ ಚಿತ್ರದಲ್ಲಿ ರಾಜ್‌ಕುಮಾರ್ ಬರಡು ನೆಲವನ್ನು ಹಸನು ಮಾಡುವ ರಾಜೀವ. ಓದಿದವರೂ ಬೇಸಾಯಕ್ಕೆ ಮರಳಿದರೆಂಬ ಮಾತು ಇಂದಿಗೂ ಕೇಳಿಬರುತ್ತದೆ.

ಮರುವರ್ಷವೇ ರಾಮದೇವರ ಬೆಟ್ಟದ ತಪ್ಪಲಿನಲ್ಲಿ ರಮೇಶ್ ಸಿಪ್ಪಿ 'ಶೋಲೆ'ಯ ಚಿತ್ರೀಕರಣ ಆರಂಭಿಸಿದರು. ಕಲಾ ನಿರ್ದೇಶಕ ರಾಮ್ ಯೇಡೇಕರ್ ಬಂಡೆಗಳ ನಡುವೆ ರಾಮಗಢವೆಂಬ ಇಡೀ ಊರನ್ನೇ ಎಬ್ಬಿಸಿದರು. ಅಲ್ಲಿಗೆ ಹೋಗಲು ಹೆದ್ದಾರಿಯಿಂದ ರಸ್ತೆಯನ್ನೂ ಮಾಡಿದರು. ಆ ಜಾಗಕ್ಕೆ ಸಿಪ್ಪಿ ನಗರವೆಂಬ ಹೆಸರೂ ಬಿತ್ತು. ಚಿತ್ರ ತೆರೆಕಂಡದ್ದು 1975ರ ಆಗಸ್ಟ್ 15ರಂದು, ತುರ್ತು ಪರಿಸ್ಥಿತಿ ಹೇರಿ ಎರಡು ತಿಂಗಳು ತುಂಬುವ ಮೊದಲು. ಪೊಲೀಸ್ ಅಧಿಕಾರಿಯಾಗಿದ್ದವನೇ ಇಬ್ಬರು ಕಳ್ಳರ ನೆರವು ಬೇಡುವ ಕಥೆಯಲ್ಲಿ, ಕಾನೂನಿನ ಮೇಲೆ ನಂಬಿಕೆ ಕಳೆದುಕೊಂಡ ಪೀಳಿಗೆಯ ಸಿಟ್ಟಿತ್ತು. ಆ ಅಧಿಕಾರಿ ಠಾಕೂರ್ ಡಕಾಯಿತ ಗಬ್ಬರನನ್ನು ಕೊಲ್ಲುವ ಮೂಲ ಅಂತ್ಯಕ್ಕೆ ಸೆನ್ಸಾರ್ ಮಂಡಳಿ ಒಪ್ಪದೆ, ಪೊಲೀಸರು ಬಂದು ಅವನನ್ನು ಹಿಡಿಯುವಂತೆ ಬದಲಾಯಿಸಬೇಕಾಯಿತು. ಆ ಕಾಲವನ್ನು ಅರಿಯಲು ಇಷ್ಟು ಸಾಕು.

ಡೇವಿಡ್ ಲೀನ್ 1984ರ 'ಎ ಪ್ಯಾಸೇಜ್ ಟು ಇಂಡಿಯಾ'ಕ್ಕೆ ಸಾವನದುರ್ಗ, ರಾಮದೇವರ ಬೆಟ್ಟಗಳನ್ನು ಆರಿಸಿಕೊಂಡರು. ಕಥೆಯಲ್ಲಿನ ಗುಹೆಗಳಿಗೆ ಬಿಹಾರದ ಬರಾಬರ್ ಗುಹೆಗಳು ಅವರಿಗೆ ಸಪ್ಪೆಯೆನಿಸಿದ್ದರಿಂದ ಇಲ್ಲಿನ ಬಂಡೆಯಲ್ಲೇ ಗುಹೆಬಾಯಿ ಕೊರೆಸಿದರು. ಕಳೆದುಹೋದ ಸಾಮ್ರಾಜ್ಯದತ್ತ ಬ್ರಿಟನ್ ಮತ್ತೆ ಹೊರಳಿ ನೋಡುತ್ತಿದ್ದ ವರ್ಷಗಳವು. ಎರಡೂ ಚಿತ್ರಗಳಲ್ಲಿ ಬಂಡೆ ನಮ್ಮದು, ಊರಿನ ಹೆಸರು ಬೇರೆಯದು. ಇಲ್ಲಿನವರ ಬದುಕು ಅವುಗಳಲ್ಲಿ ಇಲ್ಲ.

ಆ ಬದುಕು ಸಿಗುವುದು ಹಳ್ಳಿಯ ಪೌರಾಣಿಕ ನಾಟಕಗಳಲ್ಲಿ. ಗುಬ್ಬಿ ವೀರಣ್ಣನವರ ಕಂಪನಿ 1934ರಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಆಡಿದ 'ಕುರುಕ್ಷೇತ್ರ' ನಾಟಕ ಊರ ಹವ್ಯಾಸಿಗಳ ಕೈಯಲ್ಲಿ ಇಂದಿಗೂ ಬದುಕಿದೆ. ಸುಗ್ಗಿ ಮುಗಿಯುತ್ತಲೇ ಹಾರ್ಮೋನಿಯಂ ಮೇಷ್ಟ್ರು ಬಂದು ಮಾತು, ಕಂದ, ರಾಗ ಕಲಿಸುತ್ತಾರೆ. ಸೀನರಿ, ಕಿರೀಟ, ಗದೆ ಬಾಡಿಗೆಗೆ ಬರುತ್ತವೆ. ದುರ್ಯೋಧನನ ಪಾತ್ರ ಬೇಕೆಂದವನು ಅದಕ್ಕೆ ತಕ್ಕ ಹಣವನ್ನು ತಾನೇ ಕಟ್ಟುತ್ತಾನೆ. ಹಗಲೆಲ್ಲ ಹೊಲದಲ್ಲಿ ದುಡಿದವನು ಇರುಳಿಡೀ ರಾಜನಾಗಿ ನಿಲ್ಲುವ ಆ ಹಂಬಲ ತಂದೆಯಿಂದ ಮಗನಿಗೆ ಬಂದಿದೆ. ಈ ಸೀಮೆಯ ಮನಸ್ಸನ್ನು ಇದರಷ್ಟು ನಿಷ್ಠೆಯಿಂದ ಹಿಡಿದ ಕಲೆ ಮತ್ತೊಂದಿಲ್ಲ.

ಜನಪದ ಹಾಡುಗಳನ್ನು ಹಾಡುವವರು ಕಣ್ಮರೆಯಾಗುತ್ತಿದ್ದುದನ್ನು ಕಂಡ ಜಾನಪದ ತಜ್ಞ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿ ಆ ಹಾಡುಗಳನ್ನು ಧ್ವನಿಮುದ್ರಿಸಿ ಉಳಿಸಿದರು. ನಾಟಕದ ಮೇಷ್ಟ್ರುಗಳ ವಿದ್ಯೆಗೂ ಅದೇ ಕೆಲಸ ಆಗಬೇಕು. ರಂಗಗೀತೆಗಳನ್ನು ಬಾಯಿಪಾಠವಾಗಿ ಬಲ್ಲ ಹಿರಿಯರು ನಿಮ್ಮೂರಿನಲ್ಲಿದ್ದರೆ, ಅವರಿರುವಾಗಲೇ ಅವರ ದನಿಯನ್ನು ದಾಖಲಿಸಿಡಿ.