ಸಾಲುವಾರು ಇತಿಹಾಸ: ಟೆಕ್ಸ್ಟ್ ಎಡಿಟರಿನೊಳಗೆ ಬದಲಾವಣೆಯ ಜಾಡು

ಸಾಲುವಾರು ಇತಿಹಾಸ ಎಂದರೆ, ಆವೃತ್ತಿ ನಿಯಂತ್ರಣದಲ್ಲಿರುವ, ಅಂದರೆ ಪ್ರತಿ ಬದಲಾವಣೆಯ ದಾಖಲೆ ಉಳಿಸಿಕೊಂಡ, ಫೈಲಿನ ಪ್ರತಿ ಸಾಲನ್ನೂ ಇಂದಿನ ರೂಪಕ್ಕೆ ತಂದವರು ಯಾರು, ಯಾವಾಗ, ಯಾವ ಬದಲಾವಣೆಯ ಜತೆಗೆ ಎಂಬುದನ್ನು ಆ ಸಾಲಿನ ಮಗ್ಗುಲಲ್ಲೇ ತೋರಿಸುವ ಪದ್ಧತಿ. ಹಳೆಯ ಸಾಧನಗಳಲ್ಲಿ ಇದಕ್ಕೆ ‘ಆನೊಟೇಟ್’ ಎಂಬ ಹೆಸರಿತ್ತು. ಗಿಟ್ ಎಂಬ ಆವೃತ್ತಿ ನಿಯಂತ್ರಣ ಸಾಧನ ಬಳಸುವವರು ‘ಬ್ಲೇಮ್’ ಎನ್ನುತ್ತಾರೆ. ಬ್ಲೇಮ್ ಎಂದರೆ ದೂರುವುದು. ಹೀಗಾಗಿ ಇದು ತಪ್ಪು ಮಾಡಿದವರನ್ನು ಹಿಡಿದುಕೊಡುವ ಕೆಲಸ ಎಂಬ ಭಾವನೆ ಹೆಸರಿನಿಂದಲೇ ಹುಟ್ಟಿಕೊಂಡಿದೆ. ಆದರೆ ಐದು ದಶಕಗಳಲ್ಲಿ ಇದು ಬೆಳೆದುಬಂದ ದಾರಿಯನ್ನು ನೋಡಿದರೆ ಬೇರೆಯೇ ಸಂಗತಿ ತಿಳಿಯುತ್ತದೆ. ಇದು ಮೂಲತಃ ಓದುವವರ ಸಾಧನ. ‘ಈ ಸಾಲು ಹೀಗೇಕೆ ಇದೆ’ ಎಂಬ ಪ್ರಶ್ನೆ ಓದುವ ಹೊತ್ತಿನಲ್ಲಿ ಏಳುವುದರಿಂದಲೇ ಇದು ಟರ್ಮಿನಲ್ಲಿನಿಂದ ಎಡಿಟರಿನೊಳಕ್ಕೆ ಬಂತು. ಇದು ಕೊಡುವ ಉತ್ತರ ಎಷ್ಟು ನಂಬಿಕೆಗೆ ಅರ್ಹ ಎಂಬುದು ಮಾತ್ರ, ಯಾವುದನ್ನು ಸಾಲು ಎನ್ನುತ್ತೇವೆ, ಯಾವುದನ್ನು ಬದಲಾವಣೆ ಎನ್ನುತ್ತೇವೆ ಎಂಬುದನ್ನು ಅವಲಂಬಿಸಿದೆ. ಕನ್ನಡ ಲಿಪಿಯ ಪಠ್ಯಗಳಲ್ಲಿ ಈ ಮಾತು ಎದ್ದು ಕಾಣುತ್ತದೆ.

ಸಾಲು ಹೀಗೇಕೆ ಇದೆ ಎಂಬ ಪ್ರಶ್ನೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದ ಧವಲಾ ಎಂಬ ಜೈನ ಗ್ರಂಥದ ತಾಡಪತ್ರಗಳು ಪ್ರಾಕೃತ–ಸಂಸ್ಕೃತ ಮಿಶ್ರ ಭಾಷೆಯವು, ಲಿಪಿ ಹಳಗನ್ನಡದ್ದು. 1939ರಲ್ಲಿ ಅದರ ಮೊದಲ ಸಂಪುಟ ಅಚ್ಚಾದಾಗ ಸಂಪಾದಕ ಹೀರಾಲಾಲ್ ಜೈನ್ ಅವರ ಮುಂದಿದ್ದದ್ದು ಮೂಲ ಓಲೆಗಳಲ್ಲ, ಪ್ರತಿಯಿಂದ ಮಾಡಿದ ಪ್ರತಿಗಳು. ಓಲೆಗಳೊಂದಿಗೆ ತಾಳೆ ನೋಡುವ ಅವಕಾಶ ಒದಗಿದ್ದು ನಂತರದ ಸಂಪುಟಗಳಿಗೆ. ಒಂದು ಪದ ಗ್ರಂಥಕರ್ತರದೋ ಲಿಪಿಕಾರನ ಕೈತಪ್ಪೋ ಎಂದು ತೀರ್ಮಾನಿಸಲು ಆ ಪದ ಯಾವ ಪ್ರತಿಯಲ್ಲಿ ಮೊದಲು ಹಾಗಾಯಿತು ಎಂಬುದು ಗೊತ್ತಿರಬೇಕು. ಕನ್ನಡ ಕಾವ್ಯಗಳ ಶಾಸ್ತ್ರೀಯ ಸಂಪಾದನೆಗಳು ಪಾಠಾಂತರಗಳನ್ನು ಪುಟದ ಅಡಿಯಲ್ಲೇ ಕೊಡುವುದು ಇದೇ ಕಾರಣಕ್ಕೆ. ಪುಸ್ತಕದ ಕೊನೆಯಲ್ಲಿ ಒಟ್ಟಿಗೆ ಹಾಕಿದರೂ ಮಾಹಿತಿ ಅಷ್ಟೇ ಇರುತ್ತದೆ, ಆದರೆ ಪದ್ಯ ಓದುತ್ತಿರುವವರು ಅದನ್ನು ನೋಡುವುದು ಅಪರೂಪ. ಎಡಿಟರಿನೊಳಗಿನ ಇತಿಹಾಸ ಈ ಅಡಿಟಿಪ್ಪಣಿಯ ತಮ್ಮ. ವ್ಯತ್ಯಾಸವೆಂದರೆ ಇದನ್ನು ವಿದ್ವಾಂಸರು ಬರೆಯುವುದಿಲ್ಲ, ಯಂತ್ರ ತಾನಾಗಿ ಲೆಕ್ಕ ಹಾಕುತ್ತದೆ.

ಯಂತ್ರದ ಲೆಕ್ಕ ಶುರುವಾದದ್ದು 1972ರಲ್ಲಿ. ಬೆಲ್ ಲ್ಯಾಬ್ಸ್‌ನ ಮಾರ್ಕ್ ರೋಚ್‌ಕೈಂಡ್ ರೂಪಿಸಿದ ಎಸ್‌ಸಿಸಿಎಸ್ ಎಲ್ಲ ಆವೃತ್ತಿಗಳ ಸಾಲುಗಳನ್ನೂ ಒಂದೇ ಫೈಲಿನಲ್ಲಿ ಹೆಣೆದಿಟ್ಟು, ಯಾವ ಸಾಲು ಯಾವ ಬದಲಾವಣೆಯಲ್ಲಿ ಸೇರಿತು, ಯಾವುದರಲ್ಲಿ ಅಳಿಯಿತು ಎಂದು ಗುರುತು ಹಾಕುತ್ತಿತ್ತು. ಹೀಗಾಗಿ ಪ್ರತಿ ಸಾಲಿನ ಮುಂದೆ ಅದು ಹುಟ್ಟಿದ ಆವೃತ್ತಿಯ ಸಂಖ್ಯೆಯನ್ನು ಮುದ್ರಿಸುವುದು ಅದಕ್ಕೆ ಸಲೀಸಾಗಿತ್ತು. ಅಂದರೆ ಸಾಲುವಾರು ಇತಿಹಾಸ ಆಮೇಲೆ ಅಂಟಿಸಿದ ಸೌಕರ್ಯವಲ್ಲ, ಈ ಪರಂಪರೆಯ ಮೊದಲ ಸಾಧನದಲ್ಲೇ ಇತ್ತು. 1982ರಲ್ಲಿ ವಾಲ್ಟರ್ ಟಿಚಿ ತಂದ ಆರ್‌ಸಿಎಸ್ ಇತ್ತೀಚಿನ ಆವೃತ್ತಿಯನ್ನು ಇಡಿಯಾಗಿಟ್ಟುಕೊಂಡು ಹಿಂದಿನವಕ್ಕೆ ವ್ಯತ್ಯಾಸಗಳನ್ನಷ್ಟೇ ಉಳಿಸಿತು. ಇದರಿಂದ ಹೊಸ ಆವೃತ್ತಿ ಬೇಗ ಸಿಗುವಂತಾಯಿತು, ಆದರೆ ಸಾಲಿನ ಜಾಡನ್ನು ಬೇರೆಯಾಗಿ ಲೆಕ್ಕ ಹಾಕಬೇಕಾಯಿತು. ಅದರ ಮೇಲೆ ಬೆಳೆದ ಸಿವಿಎಸ್ ಆನೊಟೇಟ್ ಆಜ್ಞೆಯನ್ನು ಕೊಟ್ಟಿತು. 2004ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಸಬ್‌ವರ್ಷನ್ ಅದೇ ಆಜ್ಞೆಯನ್ನು ‘ಬ್ಲೇಮ್’ ಎಂದೂ ‘ಪ್ರೇಸ್’ ಎಂದೂ ಕರೆಯಲು ಬಿಟ್ಟಿತು. ದೂರು, ಹೊಗಳಿಕೆ ಎರಡಕ್ಕೂ ಬರುವ ಉತ್ತರ ಒಂದೇ. 2005ರಲ್ಲಿ ಹುಟ್ಟಿದ ಗಿಟ್‌ಗೆ ಮರುವರ್ಷವೇ ಬ್ಲೇಮ್ ಆಜ್ಞೆ ಬಂತು.

ಇವೆಲ್ಲ ಟರ್ಮಿನಲ್ಲಿನಲ್ಲಿ ಉದ್ದನೆಯ ಪಟ್ಟಿ ಸುರಿಯುತ್ತಿದ್ದವು. ಓದುತ್ತಿದ್ದ ಫೈಲನ್ನು ಬಿಟ್ಟು ಹೋಗಿ, ಸಾಲಿನ ಸಂಖ್ಯೆ ಹುಡುಕಿ, ಮತ್ತೆ ಮರಳಬೇಕಿತ್ತು. 1990ರ ದಶಕದಲ್ಲಿ ಈಮ್ಯಾಕ್ಸ್ ಎಡಿಟರಿಗೆ ಸೇರಿದ ಆನೊಟೇಟ್ ನೋಟ ಈ ಅಲೆದಾಟವನ್ನು ತಪ್ಪಿಸಿತು. ಹೊಸ ಸಾಲು ಕೆಂಪು, ಹಳೆಯದು ನೀಲಿ. ಯಾವ ಭಾಗ ವರ್ಷಗಳಿಂದ ಅಲುಗಿಲ್ಲ, ಯಾವುದು ಈಗಷ್ಟೇ ಕಲಕಿದೆ ಎಂಬುದು ಒಂದು ಹೆಸರನ್ನೂ ಓದದೆ ತಿಳಿಯುತ್ತಿತ್ತು. ವಿಮ್ ಎಡಿಟರಿಗೆ ಟಿಮ್ ಪೋಪ್ ಬರೆದ ಫ್ಯೂಜಿಟಿವ್ ಎಂಬ ಪ್ಲಗಿನ್ ಇತಿಹಾಸವನ್ನು ಪಕ್ಕದ ಕಿಟಕಿಯಲ್ಲಿ ಪಠ್ಯದ ಜತೆಗೇ ಸರಿಯುವಂತೆ ಕಟ್ಟಿತು. ವಿಎಸ್ ಕೋಡ್ ಎಡಿಟರಿಗೆ ಎರಿಕ್ ಅಮೋಡಿಯೊ 2016ರಲ್ಲಿ ತಂದ ಗಿಟ್‌ಲೆನ್ಸ್ ಎಂಬ ಪ್ಲಗಿನ್ ಇನ್ನೂ ಹತ್ತಿರ ಬಂತು: ಕರ್ಸರ್ ನಿಂತ ಸಾಲಿನ ತುದಿಯಲ್ಲೇ ಮಸುಕಾದ ಅಕ್ಷರದಲ್ಲಿ ಹೆಸರು, ಕಾಲ, ಬದಲಾವಣೆಯನ್ನು ದಾಖಲಿಸುವಾಗ ಬರೆದ ಕಮಿಟ್ ಸಂದೇಶ. 2025ರ ಹೊತ್ತಿಗೆ ವಿಎಸ್ ಕೋಡ್ ಇಂಥ ಸೌಲಭ್ಯವನ್ನು ತನ್ನೊಳಗೇ ಸೇರಿಸಿಕೊಂಡಿತು. ಪ್ರತಿ ಹೆಜ್ಜೆಯಲ್ಲೂ ಮಾಹಿತಿ ಓದುವ ಕಣ್ಣಿಗೆ ಹತ್ತಿರವಾಗಿದೆ. ದೂರುವುದಷ್ಟೇ ಉದ್ದೇಶವಾಗಿದ್ದರೆ ಟರ್ಮಿನಲ್ಲಿನ ಪಟ್ಟಿಯೇ ಸಾಕಿತ್ತು. ಬಣ್ಣದ ಕಾಲಮಾಪಕವೂ ಕಮಿಟ್ ಸಂದೇಶವೂ ಬೇಕಿರಲಿಲ್ಲ.

ಈ ಪದ್ಧತಿಗೆ ಆಕ್ಷೇಪಗಳಿಲ್ಲದಿಲ್ಲ. ಸಾಲನ್ನು ಕೊನೆಗೆ ಮುಟ್ಟಿದವರ ಹೆಸರು ಬರುತ್ತದೆಯೇ ಹೊರತು ಬರೆದವರದ್ದಲ್ಲ ಎಂಬುದು ಮೊದಲನೆಯದು. ಇದು ನಿಜ, ಆದರೆ ಜಾಡು ಅಲ್ಲಿಗೇ ನಿಲ್ಲಬೇಕಿಲ್ಲ. ಈಮ್ಯಾಕ್ಸ್ ಮತ್ತು ಫ್ಯೂಜಿಟಿವ್‌ನಲ್ಲಿ ಒಂದು ಕೀಲಿ ಒತ್ತಿದರೆ ಆ ಬದಲಾವಣೆಗೆ ಹಿಂದಿನ ಸ್ಥಿತಿಗೆ ಹೋಗಿ ಮತ್ತೆ ಕೇಳಬಹುದು. ಖಾಲಿ ಜಾಗದ ವ್ಯತ್ಯಾಸವನ್ನು ಕಡೆಗಣಿಸಲು, ಬೇರೆಡೆಯಿಂದ ಸರಿದುಬಂದ ಸಾಲುಗಳನ್ನು ಗುರುತಿಸಲು ಗಿಟ್‌ನಲ್ಲಿ ಆಯ್ಕೆಗಳಿವೆ. ಕಾರಣವನ್ನು ಕೋಡಿನೊಳಗೆ ಟಿಪ್ಪಣಿಯಾಗಿ ಬರೆದರೆ ಸಾಲದೇ ಎಂಬುದು ಎರಡನೆಯದು. ಟಿಪ್ಪಣಿ ಬೇಕೇ ಬೇಕು, ಆದರೆ ಸಾಲು ಬದಲಾದಾಗ ಟಿಪ್ಪಣಿ ತಾನಾಗಿ ಬದಲಾಗುವುದಿಲ್ಲ, ಹಳತಾಗಿ ದಾರಿ ತಪ್ಪಿಸಬಹುದು. ಇತಿಹಾಸ ಸಾಲಿಗೇ ಕಟ್ಟಿಕೊಂಡಿರುತ್ತದೆ. ಮೇಲಿನವರು ನೌಕರರ ಮೇಲೆ ಕಣ್ಣಿಡಲು ಇದನ್ನು ಬಳಸಬಹುದು ಎಂಬ ಮೂರನೆಯ ಮಾತನ್ನು ತಳ್ಳಿಹಾಕಲಾಗದು. ಆದರೆ ಹಾಗೆ ಬಳಸಿದವರಿಗೆ ಸಿಗುವುದು ಸುಳ್ಳು ಲೆಕ್ಕ. ಮೊದಲ ಆಕ್ಷೇಪವೇ ಅದಕ್ಕೆ ಸಾಕ್ಷಿ: ಕೊನೆಯದಾಗಿ ಮುಟ್ಟಿದವರು ಜಾಗ ಸರಿಪಡಿಸಿದವರಷ್ಟೇ ಆಗಿರಬಹುದು.

ಈ ಸುಳ್ಳು ಲೆಕ್ಕ ಕನ್ನಡದಲ್ಲಿ ಇನ್ನೂ ಸುಲಭವಾಗಿ ಹುಟ್ಟುತ್ತದೆ, ಏಕೆಂದರೆ ಗಿಟ್ ಹೋಲಿಸುವುದು ಅಕ್ಷರಗಳನ್ನಲ್ಲ, ಬೈಟ್‌ಗಳನ್ನು. ‘ಕೀ’ ಅಕ್ಷರದ ಈಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಇಡಬಹುದು. ಗುಡಿಸು ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಇಡಬಹುದು. ‘ಕೊ’ಗೂ ಹೀಗೆಯೇ: ಒತ್ವದ ಒಂದು ಸಂಕೇತ, ಇಲ್ಲವೇ ಎತ್ವ ಮತ್ತು ಕೊಂಬಿನ ಇಳಿ. ಪರದೆಯ ಮೇಲೆ ಕಣ್ಣಿಗೆ ವ್ಯತ್ಯಾಸವಿಲ್ಲ. ಗಿಟ್‌ಗೆ ಮಾತ್ರ ಸಾಲು ಬೇರೆ, ಒಡೆಯ ಬೇರೆ. ‘ರಾಜ್‌ಕುಮಾರ್’ ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯುವ ಕಾಣದ ಸಂಕೇತವನ್ನು ಸೇರಿಸಿದರೂ ತೆಗೆದರೂ ಇದೇ ಕಥೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್ ಸಂಕೇತದಲ್ಲಿದ್ದ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿದ ದಿನ ಅದರ ಕನ್ನಡದ ಸಾಲುಗಳೆಲ್ಲ ಪರಿವರ್ತಿಸಿದವರ ಹೆಸರಿಗೆ ಹೋಗುತ್ತವೆ. ಮೂಡಬಿದಿರೆಯ ಓಲೆಯನ್ನು ನಾಗರಿ ಲಿಪಿಗೆ ಇಳಿಸಿಕೊಂಡ ಲಿಪಿಕಾರನೇ ಗ್ರಂಥಕರ್ತ ಎಂದಂತಾಯಿತು. ಇಂಥ ಸಾಮೂಹಿಕ ಬದಲಾವಣೆಗಳನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟರೆ ಅವುಗಳನ್ನು ದಾಟಿ ಹಿಂದಿನವರನ್ನು ಹುಡುಕುವ ಸೌಲಭ್ಯ ಗಿಟ್‌ಗೆ 2019ರ ಆಗಸ್ಟ್‌ನಲ್ಲಿ, 2.23ನೇ ಆವೃತ್ತಿಯಲ್ಲಿ ಬಂತು.

ಸಾಲು ಎಂಬುದರ ಅಳತೆಯೂ ಅಷ್ಟೇ ಮುಖ್ಯ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲೂ 2016ರಲ್ಲಿ ಬಂದ, ಕನ್ನಡ ಲಿಪಿಯನ್ನೇ ಬಳಸುವ ತುಳು ವಿಕಿಪೀಡಿಯದಲ್ಲೂ ಒಂದು ಪ್ಯಾರಾ ಸಾಮಾನ್ಯವಾಗಿ ಒಂದೇ ಸಾಲು. ಮುಂಡಾಜೆ ಬೆಳ್ತಂಗಡಿ ತಾಲೂಕಿನಲ್ಲಿದೆ, ಉಜಿರೆಯಿಂದ ಚಾರ್ಮಾಡಿಗೆ ಹೋಗುವ ದಾರಿಯಲ್ಲಿ ಸಿಗುತ್ತದೆ, ಅಡಿಕೆ ತೋಟಗಳ ಊರು ಎಂದು ಒಬ್ಬರು ಹತ್ತು ವಾಕ್ಯ ಬರೆದರೆನ್ನಿ. ಇನ್ನೊಬ್ಬರು ತಾಲೂಕನ್ನು ‘ತಾಲ್ಲೂಕು’ ಎಂದು ತಿದ್ದಿದರೆ ಸಾಲುವಾರು ಲೆಕ್ಕದಲ್ಲಿ ಹತ್ತೂ ವಾಕ್ಯ ತಿದ್ದಿದವರದ್ದಾಗುತ್ತದೆ. ತುಳುವಿನಲ್ಲಿ ಪದದ ಕೊನೆಯ ಅರೆ ಉಕಾರವನ್ನು ಕೆಲವರು ಕೊಂಬಿನಿಂದ, ಕೆಲವರು ವ್ಯಂಜನಾಂತ್ಯದ ಗುರುತಿನಿಂದ ಬರೆಯುವುದರಿಂದ ಈ ಬಗೆಯ ತಿದ್ದುಪಡಿಗೆ ಕೊನೆಯೇ ಇಲ್ಲ. ತಂತ್ರಾಂಶಗಳ ಕನ್ನಡ ಅನುವಾದ ಕಡತಗಳಲ್ಲಿ ತೊಂದರೆ ತಿರುಗುಮುರುಗು: ಗೆಟ್‌ಟೆಕ್ಸ್ಟ್ ಸಾಧನ ಉದ್ದ ವಾಕ್ಯಗಳನ್ನು ತಾನೇ ಮಡಿಸುವುದರಿಂದ ಒಂದು ಪದ ಬದಲಾದರೆ ಕೆಳಗಿನ ಸಾಲುಗಳೂ ಸರಿದು ಹೊಸವಾಗುತ್ತವೆ. ಪ್ರತಿ ವಾಕ್ಯವನ್ನೂ ಹೊಸ ಸಾಲಿನಿಂದ ಶುರುಮಾಡಿ ಎಂದು ಬ್ರಯಾನ್ ಕರ್ನಿಗನ್ 1974ರಲ್ಲೇ ಯುನಿಕ್ಸ್ ಕಲಿಯುವವರಿಗೆ ಹೇಳಿದ್ದರು. ಅವರ ಮನಸ್ಸಿನಲ್ಲಿದ್ದದ್ದು ತಿದ್ದುವ ಅನುಕೂಲ; ಇತಿಹಾಸದ ನಿಖರತೆಗೂ ಅದೇ ಸಲಹೆ ಒದಗುತ್ತದೆ.

ಎಡಿಟರು ತೋರಿಸುವ ಹೆಸರನ್ನು ಕರ್ತೃವಿನ ಅಂಕಿತವೆಂದು ತಿಳಿಯದೆ, ಮುಂದಿನ ಪ್ರಶ್ನೆಯ ಬಾಗಿಲೆಂದು ತಿಳಿದರೆ ಸಾಲುವಾರು ಇತಿಹಾಸ ನಂಬಿಕಸ್ಥ ಸಾಧನ. ಆ ಬಾಗಿಲು ಎಲ್ಲಿಗೆ ತೆರೆಯುತ್ತದೆ ಎಂಬುದು ಪಠ್ಯ ಕಾಪಾಡುವವರ ಕೈಯಲ್ಲಿದೆ. ಕನ್ನಡ, ತುಳು ಪಠ್ಯಗಳನ್ನು ಗಿಟ್‌ನಲ್ಲಿ ಇಡುವವರು ಸಂಕೇತದ ಪರಿವರ್ತನೆಯನ್ನು ಬೇರೆ ಕಮಿಟ್ ಆಗಿಯೇ ಮಾಡಿ ಅದನ್ನು ದಾಟಬೇಕಾದ ಪಟ್ಟಿಗೆ ಸೇರಿಸಲಿ, ವಾಕ್ಯಕ್ಕೊಂದು ಸಾಲು ಕೊಡಲಿ, ಏಕೆ ತಿದ್ದಿದೆವೆಂದು ಕಮಿಟ್ ಸಂದೇಶದಲ್ಲಿ ಕನ್ನಡದಲ್ಲೇ ಒಂದು ಮಾತು ಬರೆಯಲಿ.