ಅಗ್ಗದ ಡಿಜೆ ಯಂತ್ರಗಳಲ್ಲಿ ಇಲ್ಲದ್ದೂ ಮುಚ್ಚಿಟ್ಟದ್ದೂ

ವಾದ್ಯದ ಬೆಲೆ ಇಳಿದಂತೆಲ್ಲ ಅದರ ಅಂಗಗಳಲ್ಲಿ ಏನಾದರೊಂದು ಕುಗ್ಗಬೇಕಾದುದು ವ್ಯಾಪಾರದ ಸಹಜಧರ್ಮ. ಅಗ್ಗದ ಹಾರ್ಮೋನಿಯಮ್ಮಿನ ಮರ ತೆಳುವಾಗಿರುತ್ತದೆ, ಅಗ್ಗದ ಪಿಟೀಲಿನ ಬಿರಡೆ ಸಡಿಲವಾಗಿರುತ್ತದೆ. ಕೊಳ್ಳುವವನು ಅದನ್ನು ಕೈಯಿಂದ ಮುಟ್ಟಿ, ಕಿವಿಯಿಂದ ಕೇಳಿ, ತಾನು ಕೊಟ್ಟ ಹಣಕ್ಕೆ ಇಷ್ಟೇ ದೊರೆಯುವುದೆಂದು ಮನಸಾರೆ ಒಪ್ಪಿ ಮನೆಗೆ ಒಯ್ಯುತ್ತಾನೆ. ಆದರೆ ಧ್ವನಿಮುದ್ರಿಕೆಗಳನ್ನೇ ವಾದ್ಯವನ್ನಾಗಿ ನುಡಿಸತಕ್ಕ ಡಿಜೆಗಳ ಕಸುಬಿನಲ್ಲಿ ಕಳೆದ ಹದಿನೈದಿಪ್ಪತ್ತು ವರ್ಷಗಳಿಂದೀಚೆಗೆ ಮತ್ತೊಂದು ಬಗೆಯ ಕೊರತೆ ತಲೆದೋರಿದೆ. ಅಲ್ಲಿ ಕುಗ್ಗಿರುವುದು ಮರವೂ ಅಲ್ಲ, ಲೋಹವೂ ಅಲ್ಲ. ಆಗಲೇ ಬರೆದು ಮುಗಿಸಿರುವ, ದುಬಾರಿ ಯಂತ್ರಕ್ಕೂ ಅಗ್ಗದ ಯಂತ್ರಕ್ಕೂ ಸಮಾನವಾಗಿರುವ ತಂತ್ರಾಂಶದ ಕೆಲವು ಕೋಣೆಗಳಿಗೆ ಬೀಗ ಹಾಕಿ, ಬೀಗದ ಕೈಯನ್ನು ಮಾರುವವನು ತನ್ನಲ್ಲಿಯೇ ಉಳಿಸಿಕೊಂಡಿದ್ದಾನೆ. ಈ ಪದ್ಧತಿ ಎಲ್ಲಿಂದ ಬಂದಿತು, ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಯಂತ್ರಗಳ ಇತಿಹಾಸದ ಜಾಡಿನಲ್ಲಿಯೇ ನೋಡುವುದು ಒಳ್ಳೆಯದು.

ಮೊದಲಿನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಜಪಾನಿನ ಮತ್ಸುಶಿತ ಸಂಸ್ಥೆ 1972ರಲ್ಲಿ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ಟರ್ನ್‌ಟೇಬಲ್ಲನ್ನು ಹೊರತಂದಾಗ ಅದು ಉದ್ದೇಶಿಸಿದ್ದು ಮನೆಯಲ್ಲಿ ಕುಳಿತು ಸಂಗೀತ ಕೇಳುವ ರಸಿಕರನ್ನು. ಮೋಟಾರಿನ ಮೇಲೆಯೇ ತಟ್ಟೆಯನ್ನು ಕೂರಿಸಿದ ಅದರ ರಚನೆ, ಕೈಯಿಂದ ತಡೆದು ಬಿಟ್ಟರೂ ಮರುಕ್ಷಣವೇ ತನ್ನ ವೇಗಕ್ಕೆ ಮರಳುವ ಗುಣವುಳ್ಳದ್ದಾದುದರಿಂದ, ನ್ಯೂಯಾರ್ಕಿನ ನೃತ್ಯಶಾಲೆಗಳಲ್ಲಿಯೂ ಬೀದಿಗಳಲ್ಲಿಯೂ ತಟ್ಟೆಗಳನ್ನು ಹಿಂದುಮುಂದು ಜರುಗಿಸಿ ನುಡಿಸುತ್ತಿದ್ದವರಿಗೆ ಅದು ಕೇಳದೆ ಸಿಕ್ಕ ವರವಾಯಿತು. 1973ರ ಆಗಸ್ಟಿನಲ್ಲಿ ಬ್ರಾಂಕ್ಸ್ ಬಡಾವಣೆಯ ಸೆಜ್ವಿಕ್ ಅವೆನ್ಯೂವಿನ ಒಂದು ವಠಾರದಲ್ಲಿ ಕೂಲ್ ಹರ್ಕ್ ನಡೆಸಿದ ಕೂಟವನ್ನು ಹಿಪ್ ಹಾಪ್ ಸಂಗೀತದ ಜನ್ಮದಿನವೆಂದು ಎಣಿಸುವ ವಾಡಿಕೆಯುಂಟು. ಹಾಡಿನಲ್ಲಿ ತಾಳ ಮಾತ್ರವೇ ಉಳಿಯುವ ಕಿರಿದಾದ ಭಾಗವನ್ನು, ಅದೇ ಮುದ್ರಿಕೆಯ ಎರಡು ಪ್ರತಿಗಳನ್ನಿಟ್ಟುಕೊಂಡು, ಒಂದು ಮುಗಿಯುವಷ್ಟರಲ್ಲಿ ಮತ್ತೊಂದನ್ನು ಹಿಡಿದು ಲಂಬಿಸುವುದು ಅವನ ವಿಧಾನ. ಎಸ್‌ಎಲ್-1200 ಯಂತ್ರದ 1979ರ ಎರಡನೆಯ ಆವೃತ್ತಿಯಲ್ಲಿ ವೇಗವನ್ನು ನೂರಕ್ಕೆ ಎಂಟರಷ್ಟು ಏರಿಸಿಳಿಸುವ ಜಾರುಗುಂಡಿ ಬಂದು, ಎರಡು ಹಾಡುಗಳ ತಾಳವನ್ನು ಕಿವಿಯಿಂದಲೇ ಕೂಡಿಸುವ ವಿದ್ಯೆಗೆ ಒಂದು ಸ್ಥಿರವಾದ ಸಾಧನ ದೊರೆಯಿತು. ಅಗ್ಗದ ಟರ್ನ್‌ಟೇಬಲ್ಲುಗಳಲ್ಲಿ ರಬ್ಬರ್ ಬೆಲ್ಟಿನಿಂದ ತಟ್ಟೆ ತಿರುಗುತ್ತಿತ್ತು. ಕೈಯಿಟ್ಟರೆ ಬೆಲ್ಟು ಜಾರುತ್ತಿತ್ತು, ಬಿಟ್ಟರೆ ವೇಗ ಕೂಡಿಬರಲು ತಡವಾಗುತ್ತಿತ್ತು. ಕಷ್ಟವೇನೋ ನಿಜ, ಆದರೆ ಉತ್ತಮವಾದ ಮೋಟಾರನ್ನು ಮಾಡಲು ಖರ್ಚು ಹೆಚ್ಚೆಂಬುದೂ ಅಷ್ಟೇ ನಿಜವಾದ್ದರಿಂದ, ಅದನ್ನು ಅನ್ಯಾಯವೆನ್ನಲು ಯಾರಿಗೂ ಕಾರಣವಿರಲಿಲ್ಲ.

ಸಿ.ಡಿ. ಯುಗ ಬಂದಾಗ ಚಿತ್ರ ಕೊಂಚ ಬದಲಾಯಿತು. ಪಯೋನಿಯರ್ ಸಂಸ್ಥೆಯ ಸಿಡಿಜೆ-500 ಬಂದದ್ದು 1994ರಲ್ಲಿ. ವೇಗ ಬದಲಾದರೂ ಶ್ರುತಿ ಕೆಡದಂತೆ ಹಿಡಿದಿಡುವ ಸೌಕರ್ಯ ಅದರಲ್ಲಿ ಆಗಲೇ ಇದ್ದಿತು. 2001ರ ಸಿಡಿಜೆ-1000 ತಟ್ಟೆಯ ಸ್ಪರ್ಶವನ್ನೇ ಅನುಕರಿಸಿ ಕ್ಲಬ್ಬುಗಳಲ್ಲಿ ಕಾಯಂ ಸ್ಥಾನ ಗಳಿಸಿತು. 2009ರಲ್ಲಿ ಅದೇ ಸಂಸ್ಥೆ ಸಿಡಿಜೆ-2000 ಎಂಬ ಹಿರಿಯ ಯಂತ್ರವನ್ನೂ ಸಿಡಿಜೆ-900 ಎಂಬ ಕಿರಿಯ ಯಂತ್ರವನ್ನೂ ಜೊತೆಯಾಗಿ ಹೊರತಂದುದರಲ್ಲಿ, ಹಾಡಿನ ಗೊತ್ತುಮಾಡಿದ ಜಾಗಕ್ಕೆ ಒಂದೇ ಒತ್ತಿಗೆ ಜಿಗಿಯುವ ಹಾಟ್ ಕ್ಯೂ ಗುಂಡಿಗಳು ಹಿರಿಯದಕ್ಕೆ ಮಾತ್ರ ದೊರೆತುವು. ಆದರೆ ವಿಚಿತ್ರವೆಂದರೆ, ಹಾಡನ್ನು ಎಷ್ಟು ತಡೆದು ತಿರುಚಿದರೂ ಒಳಗೊಳಗೇ ಅದು ಓಡುತ್ತಲೇ ಇದ್ದು, ಕೈಬಿಟ್ಟೊಡನೆ ಇರಬೇಕಾದ ಜಾಗದಿಂದಲೇ ಮುಂದುವರಿಯುವ ಸ್ಲಿಪ್ ಮೋಡ್ ಎಂಬ ಚಮತ್ಕಾರ ದೊರೆತದ್ದು ಕಿರಿಯದಕ್ಕೆ! ಹೆಚ್ಚು ಹಣ ತೆತ್ತವನು ಅದಕ್ಕಾಗಿ 2012ರ ನೆಕ್ಸಸ್ ಆವೃತ್ತಿಯವರೆಗೆ ಕಾಯಬೇಕಾಯಿತು. ಯಾವ ಸೌಕರ್ಯ ಯಾವ ಅಂತಸ್ತಿಗೆ ಸೇರತಕ್ಕದ್ದೆಂಬುದು ತಯಾರಿಕೆಯ ಖರ್ಚಿನಿಂದ ನಿಶ್ಚಯವಾಗುತ್ತಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ನಾನು ಕಂಡಿಲ್ಲ.

ಇಷ್ಟರಲ್ಲಿ ಲ್ಯಾಪ್‌ಟಾಪ್ ರಂಗಕ್ಕೆ ಬಂದಿದ್ದಿತು. ಸಮಯದ ಸಂಕೇತವನ್ನು ಕೊರೆದ ವಿನೈಲ್ ತಟ್ಟೆಯಿಂದ ಕಂಪ್ಯೂಟರಿನೊಳಗಿನ ಹಾಡನ್ನು ಆಳುವ ಫೈನಲ್ ಸ್ಕ್ರಾಚ್ ಎಂಬ ವ್ಯವಸ್ಥೆ ಆಮ್‌ಸ್ಟರ್‌ಡಾಮಿನಿಂದ ಬಂದರೆ, ನ್ಯೂಜಿಲೆಂಡಿನ ಸೆರಾಟೊ ಸಂಸ್ಥೆ ಅಮೆರಿಕದ ರೇನ್ ಸಂಸ್ಥೆಯೊಡಗೂಡಿ 2004ರಲ್ಲಿ ಸ್ಕ್ರಾಚ್ ಲೈವ್ ಎಂಬುದನ್ನು ಹೊರತಂದಿತು. ಅದರ ತಂತ್ರಾಂಶಕ್ಕೆ ಬೇರೆ ಬೆಲೆಯಿಲ್ಲ. ರೇನ್ ಸಂಸ್ಥೆಯ ಪೆಟ್ಟಿಗೆಯನ್ನು ಕೊಂಡರೆ ಸಾಕು, ಹೊಸ ಹೊಸ ಸೌಕರ್ಯಗಳು ಪುಕ್ಕಟೆಯಾಗಿ ಬರುತ್ತಲೇ ಇದ್ದುವು. ಆಮೇಲೆ ಬಂದ ಕಂಟ್ರೋಲರುಗಳಾದರೋ ಈ ಕಸುಬಿನ ಅರ್ಥಶಾಸ್ತ್ರವನ್ನೇ ತಲೆಕೆಳಗು ಮಾಡಿದುವು. ಕಂಟ್ರೋಲರ್ ಎಂದರೆ ಬಹುಮಟ್ಟಿಗೆ ಗುಂಡಿಗಳು, ಫೇಡರುಗಳು, ಎರಡು ತಿರುಗುವ ಚಕ್ರಗಳು, ಒಂದು ಸೌಂಡ್ ಕಾರ್ಡು, ಇಷ್ಟೇ. ಬುದ್ಧಿಯೆಲ್ಲವೂ ಪಕ್ಕದ ಲ್ಯಾಪ್‌ಟಾಪಿನಲ್ಲಿ. ಹೀಗಿರುವಾಗ ಇನ್ನೂರೈವತ್ತು ಡಾಲರಿನ ಯಂತ್ರಕ್ಕೂ ಸಾವಿರ ಡಾಲರಿನ ಯಂತ್ರಕ್ಕೂ ಮಿದುಳು ಒಂದೇ ಆಗಿಬಿಟ್ಟಿತು. ಹಿರಿಯ ಯಂತ್ರವನ್ನು ಯಾರಾದರೂ ಏಕೆ ಕೊಳ್ಳಬೇಕೆಂಬ ಚಿಂತೆ ತಯಾರಕರನ್ನು ಕಾಡಿತೆಂದು ಊಹಿಸುವುದು ಕಷ್ಟವಲ್ಲ. ಆ ಚಿಂತೆಯ ಸಂತಾನವೇ ಇಂಟ್ರೊ, ಎಲ್‌ಇ, ಲೈಟ್ ಎಂಬ ನಾನಾ ನಾಮಧೇಯಗಳ ಮೊಟಕು ತಂತ್ರಾಂಶಗಳು.

ಒಂದು ನಿದರ್ಶನವನ್ನು ಹತ್ತಿರದಿಂದ ನೋಡೋಣ. 2015ರಲ್ಲಿ ಪಯೋನಿಯರ್ ಡಿಜೆ ಸಂಸ್ಥೆ ಹೊಸ ಕಲಿಗರಿಗೆಂದು ಡಿಡಿಜೆ-ಎಸ್‌ಬಿ2 ಎಂಬ ಕಂಟ್ರೋಲರನ್ನು ಮಾರಾಟಕ್ಕಿಟ್ಟಿತು. ಎರಡು ಚಕ್ರ, ನಡುವೆ ಮಿಕ್ಸರ್. ತಂತ್ರಾಂಶದಲ್ಲಿ ಒಂದೊಂದು ಹಾಡನ್ನು ಏರಿಸಿ ಓಡಿಸುವ ಜಾಗಕ್ಕೆ ಡೆಕ್ಕೆಂದು ಹೆಸರು. ಎಡದ ಚಕ್ರವನ್ನು ಒಂದನೆಯ ಡೆಕ್ಕಿನಿಂದ ಮೂರನೆಯದಕ್ಕೂ, ಬಲದ ಚಕ್ರವನ್ನು ಎರಡನೆಯದರಿಂದ ನಾಲ್ಕನೆಯದಕ್ಕೂ ಬದಲಾಯಿಸಲು ಆ ಮುಖದ ಮೇಲೆಯೇ ಗುಂಡಿಗಳುಂಟು. ಜೊತೆಯಲ್ಲಿ ಕೊಟ್ಟ ಸೆರಾಟೊ ಡಿಜೆ ಇಂಟ್ರೊ ಎಂಬ ತಂತ್ರಾಂಶದಲ್ಲಿ ಇರುವುದೋ ಎರಡೇ ಡೆಕ್ಕು. ಆದುದರಿಂದ ಆ ಗುಂಡಿಗಳನ್ನು ಒತ್ತಿ ಪ್ರಯೋಜನವಿಲ್ಲ. ಯಂತ್ರದ ಬೆಲೆಯ ಸುಮಾರು ಅರ್ಧದಷ್ಟು ಹಣವನ್ನು ಮತ್ತೆ ತೆತ್ತು ಪೂರ್ಣ ಆವೃತ್ತಿಗೆ ಏರಿದ ಮೇಲೆಯೇ ಅವಕ್ಕೆ ಜೀವ. ಗುಂಡಿಯ ಪ್ಲಾಸ್ಟಿಕ್ಕಿಗೂ ಒಳಗಿನ ತಂತಿಗೂ ಕೊಳ್ಳುವವನು ಆಗಲೇ ಬೆಲೆ ಕೊಟ್ಟಾಗಿದೆ! 2018ರಲ್ಲಿ ಸೆರಾಟೊ ತನ್ನ ತಂತ್ರಾಂಶಗಳಿಗೆ ಲೈಟ್, ಪ್ರೊ ಎಂದು ಹೊಸ ಹೆಸರಿಟ್ಟಿತಾದರೂ ವಿಂಗಡಣೆಯ ಸ್ವಭಾವ ಬದಲಾಗಲಿಲ್ಲ. ನಾಲ್ಕು ಡೆಕ್ಕು ಹೊಸಬನಿಗೆ ಬೇಡವೆನ್ನೋಣ. ಆದರೆ ಲೈಟ್ ಆವೃತ್ತಿಯಲ್ಲಿ ತನ್ನ ನುಡಿಸಾಣಿಕೆಯನ್ನು ಮುದ್ರಿಸಿಕೊಳ್ಳುವ ಸೌಕರ್ಯವೂ ಇಲ್ಲ. ಕಲಿಯುವವನಿಗೆ ಗುರುವಿಲ್ಲದಿರುವಾಗ ಅವನ ಗುರು ಅವನದೇ ಮುದ್ರಣ. ರಾತ್ರಿ ನುಡಿಸಿದ್ದನ್ನು ಬೆಳಗ್ಗೆ ಕೇಳಿದಾಗ ಎಲ್ಲಿ ತಾಳ ಜಾರಿತು, ಎಲ್ಲಿ ಎರಡು ಹಾಡುಗಳ ತಗ್ಗುದನಿಗಳು ಒಂದರ ಮೇಲೊಂದು ಬಿದ್ದು ಮಸುಕಾದುವೆಂಬುದು ತಾನಾಗಿ ತಿಳಿಯುತ್ತದೆ. ಸಭೆಗಳಲ್ಲಿ ನುಡಿಸಿ ಪಳಗಿದವನಿಗಿಂತ ಹೆಚ್ಚಾಗಿ ಯಾರಿಗೆ ಇದು ಬೇಕೋ ಅವನಿಗೇ ಇದನ್ನು ತಪ್ಪಿಸಿರುವುದು ಈ ಸಮಗ್ರ ಪದ್ಧತಿಯಲ್ಲಿ ನನಗೆ ಕಾಣುವ ಅತಿ ದೊಡ್ಡ ದೋಷ.

ಈ ತಂತ್ರ ಡಿಜೆ ಲೋಕದ ಸ್ವಂತ ಆವಿಷ್ಕಾರವೇನೂ ಅಲ್ಲ. ಫ್ರಾನ್ಸಿನ ಎಂಜಿನಿಯರನೂ ಅರ್ಥಶಾಸ್ತ್ರಜ್ಞನೂ ಆಗಿದ್ದ ಜೂಲ್ ದ್ಯುಪ್ವಿ 1849ರಷ್ಟು ಹಿಂದೆಯೇ, ರೈಲಿನ ಮೂರನೆಯ ದರ್ಜೆಯ ಬಂಡಿಗಳಿಗೆ ಚಾವಣಿ ಹಾಕದಿರುವುದು ಬಡವರನ್ನು ನೋಯಿಸಲೆಂದಲ್ಲ, ಎರಡನೆಯ ದರ್ಜೆಗೆ ಹಣ ಕೊಡಬಲ್ಲವರು ಕೆಳಗಿಳಿಯದಂತೆ ಹೆದರಿಸಲೆಂದು ಎಂಬುದನ್ನು ಕಂಡುಕೊಂಡಿದ್ದನು. 1990ರಲ್ಲಿ ಐಬಿಎಂ ಸಂಸ್ಥೆ ನಿಮಿಷಕ್ಕೆ ಹತ್ತು ಪುಟ ಅಚ್ಚುಹಾಕುವ ತನ್ನ ಲೇಸರ್ ಪ್ರಿಂಟರಿನೊಳಗೆ ಸುಮ್ಮನೆ ಕಾಯಿಸುವ ಆಜ್ಞೆಗಳನ್ನು ಸೇರಿಸಿ, ಐದೇ ಪುಟಕ್ಕೆ ಇಳಿಸಿ, ಕಡಮೆ ಬೆಲೆಗೆ ಮಾರಿತು. ಡೆನೆಕೆರ್, ಮೆಕಾಫಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1996ರಲ್ಲಿ ಇಂಥ ಬೇಕೆಂದೇ ಕೆಡಿಸಿದ ಸರಕುಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಇದನ್ನು ವಿವರಿಸಿ, ಕೆಲವು ಸಂದರ್ಭಗಳಲ್ಲಿ ಇದರಿಂದ ಮಾರುವವನಿಗೂ, ದುಬಾರಿಯದನ್ನು ಕೊಳ್ಳುವವನಿಗೂ, ಅಗ್ಗಕ್ಕೆ ಕೊಳ್ಳುವವನಿಗೂ ಒಟ್ಟಿಗೆ ಲಾಭವಾಗಬಹುದೆಂದು ತೋರಿಸಿದರು. ವಾದ ತಳ್ಳಿಹಾಕುವಂಥದಲ್ಲ. ತಂತ್ರಾಂಶ ಬರೆಯುವವರಿಗೆ ಸಂಬಳ ಬರಬೇಕು. ಪೂರ್ಣ ಆವೃತ್ತಿಯ ಮಾರಾಟದಿಂದ ಬಂದ ಹಣವೇ ಮೊಟಕು ಆವೃತ್ತಿಯನ್ನೂ ಸಾಕುತ್ತದೆ. ಬೀಗವೇ ಇಲ್ಲದಿದ್ದರೆ ಅಗ್ಗದ ಯಂತ್ರದ ಬೆಲೆ ಏರುತ್ತಿತ್ತೋ ಏನೋ. ನಾನು ಒಪ್ಪದಿರುವುದು ಇದರ ಬೆನ್ನಿಗೆ ಬರುವ ಇನ್ನೊಂದು ಮಾತನ್ನು, ಎಂದರೆ ಹೊಸಬನು ಗೊಂದಲಕ್ಕೊಳಗಾಗದಿರಲೆಂದು ಸೌಕರ್ಯಗಳನ್ನು ತೆಗೆದಿದ್ದೇವೆಂಬ ಉಪಕಾರದ ಸೋಗನ್ನು. ಗೊಂದಲವೇ ಕಾರಣವಾಗಿದ್ದರೆ ಅವನ್ನು ತೆರೆಮರೆಯಲ್ಲಿರಿಸಿ, ಬೇಕೆಂದಾಗ ಹೊರತರಲು ಬಿಡುತ್ತಿದ್ದರಲ್ಲದೆ ಹಣ ಕೇಳುತ್ತಿರಲಿಲ್ಲ.

ಬೋಧನೆಯ ದೃಷ್ಟಿಯಿಂದ ಅಗ್ಗದ ಯಂತ್ರದಲ್ಲಿ ಏನನ್ನಾದರೂ ಬಿಡುವುದಿದ್ದರೆ, ಅದು ಎರಡು ಹಾಡುಗಳ ತಾಳವನ್ನು ತಾನಾಗಿಯೇ ಕೂಡಿಸಿಕೊಡುವ ಸಿಂಕ್ ಗುಂಡಿಯೆಂದು ಹಳೆಯ ತಲೆಮಾರಿನ ಅನೇಕರು ಹೇಳುತ್ತಾರೆ. ಕಿವಿ ಪಳಗುವ ಮುನ್ನ ಯಂತ್ರವೇ ಕೂಡಿಸಿಕೊಟ್ಟರೆ ಕಿವಿ ಪಳಗುವುದೆಂದಿಗೆ ಎಂಬುದು ಅವರ ಪ್ರಶ್ನೆ. ಆದರೆ ಅಗ್ಗದ ಕಂಟ್ರೋಲರುಗಳಲ್ಲಿ ಸಾಮಾನ್ಯವಾಗಿ ತಪ್ಪದೆ ಇರುವ ಗುಂಡಿ ಅದೇ. ಕಲಿಕೆಗೆ ತೊಡಕಾಗಬಹುದಾದದ್ದು ಅಲ್ಲಿದೆ, ಕಲಿಕೆಗೆ ನೆರವಾಗುವ ಮುದ್ರಣ ಅಲ್ಲಿಲ್ಲ. ಇದನ್ನು ನೋಡಿದ ಮೇಲೂ ವಿಂಗಡಣೆ ವಿದ್ಯಾರ್ಥಿಯ ಹಿತಕ್ಕೆಂದು ನಂಬುವವರ ಸಜ್ಜನಿಕೆಗೆ ನಮಸ್ಕಾರ.

ಮಾರುಕಟ್ಟೆಯೇ ಒಂದು ಉತ್ತರವನ್ನು ಕೊಟ್ಟಿದೆ. 2018ರಲ್ಲಿ ಅದೇ ಪಯೋನಿಯರ್ ಡಿಜೆ ಸಂಸ್ಥೆ 249 ಡಾಲರಿಗೆ ಡಿಡಿಜೆ-400 ಎಂಬ ಕಂಟ್ರೋಲರನ್ನು ಮಾರಿದಾಗ, ಅದರೊಡನೆ ತನ್ನ ಸ್ವಂತ ತಂತ್ರಾಂಶವಾದ ರೆಕಾರ್ಡ್‌ಬಾಕ್ಸಿನ ಡಿಜೆ ಪರವಾನಗಿಯನ್ನೂ ಸೇರಿಸಿಕೊಟ್ಟಿತು. ಮುದ್ರಣವೂ ಅದರಲ್ಲಿ ಅಡಕ. ಚಕ್ರಗಳು ಚಿಕ್ಕವು, ಮೈ ಹಗುರವಾದ ಪ್ಲಾಸ್ಟಿಕ್ಕು, ದೊಡ್ಡ ಸಭಾಂಗಣದ ಧ್ವನಿವರ್ಧಕಗಳಿಗೆ ಒಗ್ಗುವ ಎಕ್ಸ್‌ಎಲ್‌ಆರ್ ಕಿಂಡಿಯಿಲ್ಲ; ಉಳಿತಾಯವೆಲ್ಲವೂ ಕಣ್ಣಿಗೆ ಕಾಣುವಂಥದು. ಇದರಿಂದ ಹಿರಿಯ ಯಂತ್ರಗಳ ಮಾನ ಕಳೆಯಿತೇ? ಇಲ್ಲ. ಎರಡು ವರ್ಷಗಳ ಅನಂತರ ಬಂದ ಸಿಡಿಜೆ-3000, ಒಂದೊಂದಕ್ಕೆ ಎರಡು ಸಾವಿರ ಡಾಲರಿಗೂ ಮೀರಿದ ಬೆಲೆಯದಾದರೂ, ಕ್ಲಬ್ಬುಗಳಲ್ಲಿ ಗಟ್ಟಿಯಾಗಿ ಕಾಲೂರಿತು. ಏಕೆಂದರೆ ಅದನ್ನು ಕೊಳ್ಳುವವನು ಬಯಸುವುದು ದೊಡ್ಡ ಪರದೆಯನ್ನು, ಲ್ಯಾಪ್‌ಟಾಪಿನ ಹಂಗಿಲ್ಲದ ಸ್ವಾತಂತ್ರ್ಯವನ್ನು, ರಾತ್ರಿಯೆಲ್ಲ ದುಡಿದರೂ ಸೋಲದ ಗಟ್ಟಿತನವನ್ನು. ಡೆನನ್ ಡಿಜೆ ಸಂಸ್ಥೆಯೂ ತನ್ನ ಪ್ರೈಮ್ ಮಾಲೆಯ ಹಿರಿಕಿರಿಯ ಯಂತ್ರಗಳಿಗೆ ಎಂಜಿನ್ ಎಂಬ ಒಂದೇ ವ್ಯವಸ್ಥೆಯನ್ನು ಹಾಕಿತು. ಆದರೆ 2020ರಲ್ಲಿ ರೆಕಾರ್ಡ್‌ಬಾಕ್ಸಿನ ಆರನೆಯ ಆವೃತ್ತಿ ತಿಂಗಳ ಚಂದಾ ಪದ್ಧತಿಯನ್ನು ತಂದುದರಿಂದ, ಪೂರ್ವದ ಔದಾರ್ಯ ಎಷ್ಟು ದಿನ ಉಳಿದೀತೆಂಬ ಸಂದೇಹಕ್ಕೂ ಎಡೆಯಾಯಿತು.

ಎಲ್ಲ ಕೊರತೆಯನ್ನೂ ಬೀಗವೆನ್ನಲಾಗದು. ಸಿದ್ಧಪಡಿಸಿದ ಹಾಡಿನಿಂದ ಕಂಠವನ್ನೂ ತಾಳವಾದ್ಯವನ್ನೂ ಬೇರ್ಪಡಿಸುವ ವಿದ್ಯೆ 2020ರಿಂದೀಚೆಗೆ ಆಲ್ಗೊರಿಡಿಮ್, ವರ್ಚುಯಲ್ ಡಿಜೆ, ಸೆರಾಟೊ ಇವುಗಳಲ್ಲಿ ಒಂದಾದ ಮೇಲೊಂದಾಗಿ ಬಂದಿತು. ಅದಕ್ಕೆ ಪ್ರೊಸೆಸರಿನ ಬಲ ವಿಶೇಷವಾಗಿ ಬೇಕು. ಲ್ಯಾಪ್‌ಟಾಪಿಲ್ಲದೆ ತಾನೇ ನಡೆಯುವ ಅಗ್ಗದ ಯಂತ್ರವೊಂದರಲ್ಲಿ ಅದು ಇಲ್ಲದಿದ್ದರೆ ಅದು ನ್ಯಾಯವಾದ ಕೊರತೆಯೇ.

ಯಂತ್ರವನ್ನು ಮಾಡುವವನೂ ತಂತ್ರಾಂಶವನ್ನು ಬರೆಯುವವನೂ ಒಬ್ಬನೇ ಆದರೆ ಬೀಗಗಳು ಹೆಚ್ಚುವುವೆಂಬ ಭಯ ಕೇವಲ ಕಲಿಗರದಲ್ಲ. ಪಯೋನಿಯರ್ ಡಿಜೆ ಯಂತ್ರಗಳನ್ನು ತಯಾರಿಸುವ ಆಲ್ಫಾತೀಟಾ ಸಂಸ್ಥೆ ಸೆರಾಟೊವನ್ನು ಕೊಳ್ಳಲು 2023ರಲ್ಲಿ ಮುಂದಾದಾಗ, ನ್ಯೂಜಿಲೆಂಡಿನ ವಾಣಿಜ್ಯ ಆಯೋಗ ಸ್ಪರ್ಧೆಗೆ ಧಕ್ಕೆಯಾದೀತೆಂದು 2024ರ ಜುಲೈನಲ್ಲಿ ಅನುಮತಿಯನ್ನು ನಿರಾಕರಿಸಿತು. ನನ್ನ ಮಟ್ಟಿಗೆ ಅದು ಯೋಗ್ಯವಾದ ನಿರ್ಣಯ.

ಇನ್ನು ನಮ್ಮ ಊರುಗಳಲ್ಲಿ, ಆರತಕ್ಷತೆಗಳಲ್ಲಿ ನುಡಿಸಿ ನಾಲ್ಕು ಕಾಸು ಸಂಪಾದಿಸುವ ಆಸೆಯಿಂದ ಮೊದಲ ಕಂಟ್ರೋಲರನ್ನು ಕೊಳ್ಳಹೊರಟಿರುವ ತರುಣ ತರುಣಿಯರಲ್ಲಿ ಒಂದು ವಿಜ್ಞಾಪನೆ. ಅಂಗಡಿಯವನನ್ನು ಎರಡು ಮಾತು ಕೇಳಿ: ಜೊತೆಗೆ ಕೊಡುವ ತಂತ್ರಾಂಶದಲ್ಲಿ ಮುದ್ರಣವಿದೆಯೇ, ಮತ್ತು ಈ ಮುಖದ ಮೇಲಿರುವ ಗುಂಡಿಗಳೆಲ್ಲ ಇಂದೇ ಕೆಲಸ ಮಾಡುತ್ತವೆಯೇ. ಇಲ್ಲವೆಂದರೆ ನಿರಾಶರಾಗಬೇಕಿಲ್ಲ. ಡೆನ್ಮಾರ್ಕಿನ ಸಂಶೋಧಕ ಟೂ ಹಾಸ್ಟೆ ಆಂಡರ್ಸನ್ 2001ರ ಸುಮಾರಿಗೆ ಆರಂಭಿಸಿದ, ಕಡೆಯಲ್ಲಿ ಮೂರು ಎಕ್ಸ್ ಅಕ್ಷರಗಳಿರುವ ಮಿಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಸ್ವಯಂಸೇವಕರು ಇಂದಿಗೂ ಬೆಳೆಸುತ್ತಿದ್ದಾರೆ. ಅದರಲ್ಲಿ ನಾಲ್ಕು ಡೆಕ್ಕುಗಳೂ ಇವೆ, ಮುದ್ರಣವೂ ಇದೆ, ಬೆಲೆಯಂತೂ ಇಲ್ಲ. ಅದು ಗುರುತಿಸುವ ಕಂಟ್ರೋಲರುಗಳ ಪಟ್ಟಿ ಅದರ ಕೈಪಿಡಿಯಲ್ಲಿಯೇ ಇದೆ. ಮೇಲೆ ಹೇಳಿದ ಡಿಡಿಜೆ-ಎಸ್‌ಬಿ2 ಕೂಡ ಅದರಲ್ಲುಂಟು. ಹಣ ಕೊಡುವ ಮುನ್ನ ನೀವು ಆರಿಸಿದ ಯಂತ್ರದ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.